ಮೂತ್ರಪಿಂಡದ ಮೇಲಣ ಗ್ರಂಥಿಗಳ ಗೆಡ್ಡೆಗಳು: ಶಸ್ತ್ರಚಿಕಿತ್ಸೆಯ ಮಾರ್ಗಗಳೂ ಅವುಗಳ ದೂರದ ಫಲಗಳೂ

ಸ್ಮರಣ ಸಂಚಿಕೆಗಳಲ್ಲಿ ಶಾಲೆಯ ಹಿಂದಿನ ದಿನಗಳನ್ನು ನೆನೆಯುವುದು ವಾಡಿಕೆಯಾಗಿದೆ. ಆ ವಾಡಿಕೆಯನ್ನು ಒಂದು ಸಲಕ್ಕೆ ಬದಿಗಿಟ್ಟು, ಶರೀರಶಾಸ್ತ್ರದ ಮತ್ತು ಆರೋಗ್ಯಶಾಸ್ತ್ರದ ಮೊದಲ ಪಾಠಗಳನ್ನು ಇಲ್ಲಿಯೇ ಕಲಿತು, ಈಗ ಗೃಹಿಣಿಯರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವ ಹಳೆಯ ವಿದ್ಯಾರ್ಥಿನಿಯರಿಗೂ, ಹೆಣ್ಣುಮಕ್ಕಳ ತಾಯಿತಂದೆಗಳಿಗೂ ಪ್ರಯೋಜನಕರವಾಗಬಹುದಾದ ಒಂದು ವೈದ್ಯವಿಷಯವನ್ನು ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಮೂವತ್ತು ವರ್ಷ ತುಂಬುವುದರೊಳಗಾಗಿ ರಕ್ತದ ಒತ್ತಡವು ಏರಿ, ಮೂರು ನಾಲ್ಕು ಬಗೆಯ ಔಷಧಗಳಿಗೂ ಬಗ್ಗದಿರುವ ಸ್ತ್ರೀಯರುಂಟು. ಇದ್ದಕ್ಕಿದ್ದ ಹಾಗೆ ಎದೆ ಡವಡವನೆ ಹೊಡೆದುಕೊಂಡು, ತಲೆ ಸಿಡಿದು, ಮೈಯೆಲ್ಲ ಬೆವರಿ, ಸ್ವಲ್ಪ ಹೊತ್ತಿನಲ್ಲಿಯೇ ಏನೂ ನಡೆಯಲಿಲ್ಲವೆಂಬಂತೆ ಶಾಂತರಾಗುವವರುಂಟು. ಮುಖವು ದುಂಡಗಾಗಿ, ಹೊಟ್ಟೆ ಬೆಳೆದು, ಕೈಕಾಲುಗಳು ಮಾತ್ರ ಬಡವಾಗಿ, ಮಾಸಿಕ ಧರ್ಮವು ಕ್ರಮ ತಪ್ಪಿದವರುಂಟು. ಇವುಗಳನ್ನು ನರಗಳ ದೌರ್ಬಲ್ಯವೆಂದೋ, ಮನಸ್ಸಿನ ಕಳವಳವೆಂದೋ, ಹೆರಿಗೆಯ ಬಳಿಕ ಬಂದ ಸ್ಥೂಲತೆಯೆಂದೋ ಮನೆಯವರು ಭಾವಿಸಿ ಸುಮ್ಮನಾಗುತ್ತಾರೆ. ಎಷ್ಟೋ ಸಲ ಆ ಸ್ತ್ರೀಯರು ತಾವೂ ಹಾಗೆಯೇ ಎಣಿಸಿ ಬಾಯಿಬಿಡುವುದಿಲ್ಲ. ಈ ಲಕ್ಷಣಗಳಿಗೆ ಬೇರೆ ಅನೇಕ ಕಾರಣಗಳಿರಬಹುದು. ಆದರೆ ಕೆಲವರಲ್ಲಿ ಇವುಗಳ ಮೂಲವು ಮೂತ್ರಪಿಂಡದ ಮೇಲಿರುವ ಒಂದು ಚಿಕ್ಕ ಗ್ರಂಥಿಯಲ್ಲಿ ಎದ್ದ ಗೆಡ್ಡೆಯೇ ಆಗಿರುತ್ತದೆ.

ಆ ಗೆಡ್ಡೆಯನ್ನು ಶಸ್ತ್ರವೈದ್ಯರು ಹೊರತೆಗೆಯಬಲ್ಲರು. ಯಾವ ಮಾರ್ಗವಾಗಿ ತೆಗೆಯುವುದು ಮೇಲು, ತೆಗೆದ ಐದು ಹತ್ತು ವರ್ಷಗಳ ತರುವಾಯ ರೋಗಿಯ ಸ್ಥಿತಿ ಹೇಗಿರುತ್ತದೆ ಎಂಬ ಎರಡು ಪ್ರಶ್ನೆಗಳೇ ಈ ಲೇಖನದ ವಿಷಯ. ಮೊದಲಿಗೇ ಸಾರವನ್ನು ಹೇಳಿಬಿಡುವುದಾದರೆ, ಗಾಯದ ಗುಣವು ಮಾರ್ಗವನ್ನು ಅವಲಂಬಿಸಿದೆ. ಬಾಳಿನ ಗುಣವು ಗೆಡ್ಡೆಯ ಸ್ವಭಾವವನ್ನೂ ತರುವಾಯದ ಜಾಗರೂಕತೆಯನ್ನೂ ಅವಲಂಬಿಸಿದೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಕೇಡುಗಳು ಸಂಭವಿಸುತ್ತವೆ.

ಗ್ರಂಥಿಗಳ ಸ್ಥಾನವೂ ಕಾರ್ಯವೂ

ಅಡ್ರಿನಲ್ ಎಂಬ ಈ ಗ್ರಂಥಿಗಳು ಎರಡು. ಒಂದೊಂದು ಮೂತ್ರಪಿಂಡದ ನೆತ್ತಿಯ ಮೇಲೆ ಒಂದೊಂದು, ಕೊಬ್ಬಿನ ಹಾಸಿನಲ್ಲಿ ಹುದುಗಿಕೊಂಡಿವೆ. ಬಲಗಡೆಯದು ತ್ರಿಕೋನಾಕಾರವಾಗಿಯೂ, ಎಡಗಡೆಯದು ಅರ್ಧಚಂದ್ರಾಕಾರವಾಗಿಯೂ ಇರುತ್ತವೆ. ಒಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಶರೀರಶಾಸ್ತ್ರಜ್ಞ ಯೂಸ್ಟೇಕಿಯಸ್ ಇವುಗಳನ್ನು ವರ್ಣಿಸಿದನು. ಆದರೆ ಇವುಗಳ ಉಪಯೋಗವೇನೆಂಬುದು ಸುಮಾರು ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ. ೧೮೫೫ನೆಯ ಇಸವಿಯಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್, ಈ ಗ್ರಂಥಿಗಳು ಕೆಟ್ಟುಹೋದವರು ದಿನೇ ದಿನೇ ನಿಶ್ಶಕ್ತರಾಗಿ, ಚರ್ಮವು ಕಪ್ಪಾಗಿ ಮರಣ ಹೊಂದುವುದನ್ನು ತೋರಿಸಿಕೊಟ್ಟನು. ಮರುವರ್ಷವೇ ಬ್ರೌನ್ ಸೆಕಾರ್ ಎಂಬ ವಿದ್ವಾಂಸನು ಪ್ರಾಣಿಗಳಲ್ಲಿ ಎರಡು ಗ್ರಂಥಿಗಳನ್ನೂ ತೆಗೆದರೆ ಅವು ಬದುಕಲಾರವೆಂದು ಪ್ರಯೋಗದಿಂದ ಸಾಧಿಸಿದನು.

ಪ್ರತಿಯೊಂದು ಗ್ರಂಥಿಗೂ ಹಣ್ಣಿಗಿರುವಂತೆ ಹೊರಗೊಂದು ತೊಗಟೆಯೂ ಒಳಗೊಂದು ತಿರುಳೂ ಇವೆ. ಇವು ನಿರ್ನಾಳ ಗ್ರಂಥಿಗಳಾದುದರಿಂದ ತಮ್ಮ ರಸಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ತೊಗಟೆಯಲ್ಲಿ ಹುಟ್ಟುವ ಆಲ್ಡೊಸ್ಟಿರೋನ್ ಎಂಬ ರಸವು ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ರಕ್ತದ ಒತ್ತಡವನ್ನು ಕಾಯುತ್ತದೆ. ಕಾರ್ಟಿಸಾಲ್ ಎಂಬುದು ಜ್ವರ, ಪೆಟ್ಟು, ಉಪವಾಸ ಮೊದಲಾದ ಸಂಕಟಗಳನ್ನು ತಾಳುವ ಬಲವನ್ನು ಕೊಡುತ್ತದೆ. ತಿರುಳಿನಲ್ಲಿ ಹುಟ್ಟುವ ಅಡ್ರಿನಲಿನ್, ಭಯವಾದಾಗ ಎದೆಯನ್ನು ಬಡಿಯಿಸಿ ಕಾಲಿಗೆ ಓಡುವ ಶಕ್ತಿಯನ್ನು ಕೊಡುವ ರಸ. ಈ ರಸಗಳಲ್ಲಿ ಯಾವುದಾದರೊಂದನ್ನು ಗೆಡ್ಡೆಯು ಅಂಕೆಯಿಲ್ಲದೆ ಸುರಿಸತೊಡಗಿದಾಗ ಮೇಲೆ ಹೇಳಿದ ಲಕ್ಷಣಗಳು ತೋರುತ್ತವೆ.

ಶಸ್ತ್ರವೈದ್ಯನ ಕಷ್ಟವು ಗ್ರಂಥಿಯ ಗಾತ್ರದಲ್ಲಿಲ್ಲ, ಅದರ ಸ್ಥಾನದಲ್ಲಿದೆ. ಬಲಗಡೆಯ ಗ್ರಂಥಿಯು ಯಕೃತ್ತಿನ ಮರೆಯಲ್ಲಿ, ದೇಹದ ಅತಿ ದೊಡ್ಡ ಅಭಿಧಮನಿಗೆ ಅಂಟಿಕೊಂಡಿದೆ. ಅದರ ಸಿರೆಯು ಬಹು ಗಿಡ್ಡವಾಗಿದ್ದು ನೇರವಾಗಿ ಆ ಮಹಾಸಿರೆಗೆ ಸೇರುವುದರಿಂದ, ಅಲ್ಲಿ ಕೈ ತಪ್ಪಿದರೆ ರಕ್ತವು ಹೊಳೆಯಂತೆ ಹರಿಯುತ್ತದೆ. ಎಡಗಡೆಯ ಗ್ರಂಥಿಯನ್ನು ಪ್ಲೀಹವೂ ಮೇದೋಜೀರಕಾಂಗದ ಬಾಲವೂ ಮರೆಮಾಡಿವೆ. ಅಂಗೈಯಲ್ಲಿ ಅಡಗುವ ಈ ಚಿಕ್ಕ ವಸ್ತುವನ್ನು ಮುಟ್ಟುವುದಕ್ಕಾಗಿ ಒಂದು ಕಾಲದಲ್ಲಿ ಒಂದಡಿ ಉದ್ದದ ಗಾಯವನ್ನು ಮಾಡಬೇಕಾಗುತ್ತಿದ್ದುದಕ್ಕೆ ಇದೇ ಕಾರಣ.

ಮಾರ್ಗಗಳು ಬೆಳೆದು ಬಂದ ಬಗೆ

೧೯೨೬ನೆಯ ಇಸವಿಯಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಸೀಸರ್ ರೂ ಎಂಬ ಶಸ್ತ್ರವೈದ್ಯರೂ, ಅದೇ ವರ್ಷದಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಚಾರ್ಲ್ಸ್ ಮೇಯೊ ಅವರೂ, ರಕ್ತದ ಒತ್ತಡವನ್ನು ಅಲೆಅಲೆಯಾಗಿ ಏರಿಸುವ ಗೆಡ್ಡೆಗಳನ್ನು ತೆಗೆದು ರೋಗಿಗಳನ್ನು ಉಳಿಸಿದರು. ಮೇಯೊ ಅವರ ರೋಗಿಯು ಒಬ್ಬ ಕ್ರೈಸ್ತ ಸಂನ್ಯಾಸಿನಿ. ಆಕೆಯ ಉದರದ ಹಿಂಭಾಗದಲ್ಲಿ ಇಂಥ ಗೆಡ್ಡೆಯಿರುವುದೆಂದು ಶಸ್ತ್ರವನ್ನು ಹಿಡಿಯುವುದಕ್ಕೆ ಮುಂಚೆ ವೈದ್ಯರಿಗೇ ತಿಳಿದಿರಲಿಲ್ಲ. ಸಿ.ಟಿ. ಯಂತ್ರವಾಗಲಿ, ರಸಗಳನ್ನು ಅಳೆಯುವ ಪರೀಕ್ಷೆಯಾಗಲಿ ಇಲ್ಲದ ಆ ಕಾಲದಲ್ಲಿ, ಹೊಟ್ಟೆಯನ್ನು ಅಗಲವಾಗಿ ತೆರೆದು ಕೈಯಿಂದ ತಡವಿ ನೋಡುವುದೇ ಗೆಡ್ಡೆಯನ್ನು ಕಂಡುಹಿಡಿಯುವ ಉಪಾಯವಾಗಿತ್ತು.

೧೯೩೬ರಲ್ಲಿ ಬಾಲ್ಟಿಮೋರಿನ ಹ್ಯೂ ಯಂಗ್ ಅವರು, ಹೊಟ್ಟೆಯ ಕಡೆಯಿಂದ ಹೋಗುವುದರ ಬದಲಾಗಿ ಬೆನ್ನಿನ ಕಡೆಯಿಂದ ಎರಡು ಗ್ರಂಥಿಗಳನ್ನೂ ಒಮ್ಮೆಗೆ ಮುಟ್ಟುವ ಕ್ರಮವನ್ನು ವರ್ಣಿಸಿದರು. ಆದರೆ ಎರಡು ಗ್ರಂಥಿಗಳನ್ನೂ ತೆಗೆದರೆ ರೋಗಿಯು ಬದುಕಬೇಕಲ್ಲವೆ? ಅದಕ್ಕೆ ಕಾರ್ಟಿಸೋನ್ ಬೇಕಾಗಿತ್ತು. ಆ ಔಷಧವನ್ನು ೧೯೪೮ರಲ್ಲಿ ಮೊದಲ ಸಲ ರೋಗಿಗೆ ಕೊಡಲಾಯಿತು. ಅದಕ್ಕೆ ಕಾರಣರಾದ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ ೧೯೫೦ರ ನೊಬೆಲ್ ಬಹುಮಾನವು ದೊರೆಯಿತು. ಅಂದಿನಿಂದ ಎರಡು ಗ್ರಂಥಿಗಳನ್ನು ಕಳೆದುಕೊಂಡವರೂ ಮಾತ್ರೆಯ ಆಧಾರದಿಂದ ಬಾಳುವುದು ಸಾಧ್ಯವಾಯಿತು.

ತೆರೆದ ಶಸ್ತ್ರಕ್ರಿಯೆಯೇ ಮುಂದಿನ ನಾಲ್ಕು ದಶಕಗಳ ವರೆಗೂ ನಡೆದು ಬಂದಿತು. ಅದರಲ್ಲಿ ಗ್ರಂಥಿಯು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಕೈಗೆ ಸಿಕ್ಕುತ್ತದೆ. ಆದರೆ ಸ್ನಾಯುಗಳನ್ನು ಕೊಯ್ಯಬೇಕು, ಕೆಲವು ಸಲ ಪಕ್ಕೆಲುಬಿನ ತುಂಡನ್ನು ತೆಗೆಯಬೇಕು. ರೋಗಿಯು ಬಹುದಿನ ಹಾಸಿಗೆಯಲ್ಲಿರಬೇಕಾಗುತ್ತಿತ್ತಲ್ಲದೆ, ಕೆಲವರಿಗೆ ಪಕ್ಕೆಯ ನೋವೂ ಜೋಮೂ ವರ್ಷಗಟ್ಟಲೆ ಉಳಿಯುತ್ತಿದ್ದವು.

೧೯೯೨ರಲ್ಲಿ ಕೆನಡದ ಮಾಂಟ್ರಿಯಾಲಿನ ಮಿಷೆಲ್ ಗಾನ್ಯೆ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ, ಹೊಟ್ಟೆಗೆ ಕೆಲವು ಸಣ್ಣ ರಂಧ್ರಗಳನ್ನು ಮಾಡಿ, ಒಂದರಲ್ಲಿ ದೀಪ ಸಹಿತವಾದ ದುರ್ಬೀನನ್ನೂ ಮಿಕ್ಕವುಗಳಲ್ಲಿ ಉದ್ದನೆಯ ಉಪಕರಣಗಳನ್ನೂ ಇಳಿಸಿ ಗ್ರಂಥಿಯನ್ನು ತೆಗೆದುದನ್ನು ಪ್ರಕಟಿಸಿದರು. ಇದಕ್ಕೆ ಲ್ಯಾಪರಾಸ್ಕೋಪಿ ಎಂದು ಹೆಸರು. ರೋಗಿಯನ್ನು ಪಕ್ಕಕ್ಕೆ ಮಲಗಿಸಿದರೆ ಕರುಳುಗಳು ತಮ್ಮ ಭಾರದಿಂದಲೇ ಅತ್ತ ಸರಿದು ಗ್ರಂಥಿಗೆ ದಾರಿಬಿಡುತ್ತವೆ. ೧೯೯೪ರಿಂದ ಮೊದಲ್ಗೊಂಡು ಜರ್ಮನಿಯ ಎಸ್ಸೆನ್ ನಗರದಲ್ಲಿ ಮಾರ್ಟಿನ್ ವಾಲ್ಟ್ಸ್ ಅವರು ಇನ್ನೊಂದು ಮಾರ್ಗವನ್ನು ರೂಢಿಗೆ ತಂದರು. ಇದರಲ್ಲಿ ರೋಗಿಯನ್ನು ಬೋರಲಾಗಿ ಮಲಗಿಸಿ, ಬೆನ್ನಿನ ಕೊನೆಯ ಪಕ್ಕೆಲುಬಿನ ಕೆಳಗೆ ಮೂರು ರಂಧ್ರಗಳನ್ನು ಮಾಡಿ, ಉದರದ ಚೀಲವನ್ನು ತೆರೆಯದೆಯೇ ಗ್ರಂಥಿಯನ್ನು ಮುಟ್ಟುತ್ತಾರೆ. ಹಿಂದೆ ಹ್ಯೂ ಯಂಗ್ ಹಿಡಿದ ಬೆನ್ನಿನ ಹಾದಿಯನ್ನೇ ದುರ್ಬೀನಿನ ಸಹಾಯದಿಂದ ಮತ್ತೆ ಹಿಡಿದಂತಾಯಿತು. ವಾಲ್ಟ್ಸ್ ಅವರು ೨೦೦೬ರಲ್ಲಿ ೫೨೦ ರೋಗಿಗಳಲ್ಲಿ ಮಾಡಿದ ೫೬೦ ಶಸ್ತ್ರಕ್ರಿಯೆಗಳ ವರದಿಯನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದು ಮರಣವೂ ಸಂಭವಿಸಲಿಲ್ಲ. ಈಚೆಗೆ ಯಂತ್ರದ ತೋಳುಗಳನ್ನು ದೂರದಿಂದ ನಡೆಯಿಸುವ ರೋಬಾಟ್ ಶಸ್ತ್ರಕ್ರಿಯೆಯೂ ಬಂದಿದೆ. ಅದು ಶಸ್ತ್ರವೈದ್ಯನ ಕೈಗೆ ಅನುಕೂಲವೇ ಸರಿ. ರೋಗಿಯ ದೂರದ ಫಲವು ಅದರಿಂದ ಉತ್ತಮಗೊಂಡಿತೆಂಬುದು ಸಿದ್ಧವಾಗಿಲ್ಲ.

ಮಾರ್ಗಗಳನ್ನು ಒಂದಕ್ಕೊಂದು ಹೋಲಿಸಿದಾಗ

ಹೊಟ್ಟೆಯ ರಂಧ್ರಗಳ ಮಾರ್ಗ, ಬೆನ್ನಿನ ರಂಧ್ರಗಳ ಮಾರ್ಗ ಇವೆರಡರಲ್ಲಿ ಯಾವುದು ಮೇಲು? ಇದಕ್ಕೆ ಪೋಲೆಂಡಿನ ಕ್ರಾಕೋ ನಗರದ ಶಸ್ತ್ರವೈದ್ಯರು ಒಳ್ಳೆಯ ಉತ್ತರವನ್ನು ಒದಗಿಸಿದ್ದಾರೆ. ಚಿಕ್ಕ ಮತ್ತು ಮಧ್ಯಮ ಗಾತ್ರದ ಗೆಡ್ಡೆಗಳಿದ್ದ ೬೫ ಮಂದಿ ರೋಗಿಗಳನ್ನು, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ, ಚೀಟಿ ಹಾಕಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಮಾರ್ಗದಿಂದಲೂ ಇನ್ನೊಂದಕ್ಕೆ ಇನ್ನೊಂದು ಮಾರ್ಗದಿಂದಲೂ ಚಿಕಿತ್ಸೆ ಮಾಡಿ, ಐದು ವರ್ಷಗಳ ಕಾಲ ಅವರನ್ನು ನೋಡಿಕೊಂಡು ಬಂದು ೨೦೧೪ರಲ್ಲಿ ಫಲವನ್ನು ಪ್ರಕಟಿಸಿದರು. ಬೆನ್ನಿನ ಮಾರ್ಗಕ್ಕೆ ಸರಾಸರಿ ೫೧ ನಿಮಿಷಗಳೂ, ಹೊಟ್ಟೆಯ ಮಾರ್ಗಕ್ಕೆ ೭೭ ನಿಮಿಷಗಳೂ ಹಿಡಿದವು. ಬೆನ್ನಿನ ಮಾರ್ಗದಲ್ಲಿ ರಕ್ತನಷ್ಟವೂ ನೋವೂ ಕಡಿಮೆಯಾಗಿದ್ದವು.

ಇವೆಲ್ಲವೂ ಕೆಲವು ದಿನಗಳ ಲಾಭಗಳು. ಐದು ವರ್ಷಗಳ ಲೆಕ್ಕದಲ್ಲಿ ಕಂಡುಬಂದ ಮುಖ್ಯ ಭೇದವೇ ಬೇರೆ. ಹೊಟ್ಟೆಯ ಮಾರ್ಗದವರಲ್ಲಿ ನೂರಕ್ಕೆ ೧೬ ಮಂದಿಗೆ ರಂಧ್ರ ಮಾಡಿದ ಸ್ಥಳದಲ್ಲಿ ಗೋಡೆಯು ಸಡಿಲವಾಗಿ ಹರ್ನಿಯ ಉಂಟಾಯಿತು. ಅವರಲ್ಲಿ ಹೆಚ್ಚಿನವರಿಗೆ ಎರಡನೆಯ ಶಸ್ತ್ರಕ್ರಿಯೆ ಬೇಕಾಯಿತು. ಬೆನ್ನಿನ ಮಾರ್ಗದವರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಐದು ವರ್ಷ ಕಾದು ನೋಡದಿದ್ದರೆ ಈ ಭೇದವು ಪೂರ್ಣವಾಗಿ ಗೊತ್ತಾಗುತ್ತಲೇ ಇರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಲೆಕ್ಕವನ್ನು ಮುಗಿಸಬಾರದೆಂಬುದಕ್ಕೆ ಇದೊಂದು ನಿದರ್ಶನ.

ಹಾಗೆಂದು ಬೆನ್ನಿನ ಮಾರ್ಗವೇ ಎಲ್ಲರಿಗೂ ಯೋಗ್ಯವೆಂದು ತಿಳಿಯಬಾರದು. ಅಲ್ಲಿ ಕೈಯಾಡಿಸುವ ಅವಕಾಶವು ಇಕ್ಕಟ್ಟಾದುದು. ಆರೇಳು ಸೆಂಟಿಮೀಟರಿಗಿಂತ ದೊಡ್ಡದಾದ ಗೆಡ್ಡೆಗೂ ಬಹಳ ಸ್ಥೂಲಕಾಯರಿಗೂ ಅದು ಸುಲಭವಲ್ಲ. ಹಿಂದೊಮ್ಮೆ ಹೊಟ್ಟೆಯ ಶಸ್ತ್ರಕ್ರಿಯೆಯಾಗಿ ಒಳಗೆ ಕರುಳುಗಳು ಅಂಟಿಕೊಂಡಿರುವವರಿಗೂ, ಎರಡು ಕಡೆಗಳಲ್ಲಿಯೂ ಗೆಡ್ಡೆಯಿರುವವರಿಗೂ ಅದು ವಿಶೇಷ ಅನುಕೂಲ. ಇವೆರಡು ಮಾರ್ಗಗಳಲ್ಲಿ ಯಾವುದನ್ನು ಹಿಡಿದರೂ, ಗ್ರಂಥಿಯು ಪೂರ್ಣವಾಗಿ ಹೊರಬಂದ ಮೇಲೆ ರೋಗವು ಗುಣವಾಗುವ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದುದರಿಂದ ಶಸ್ತ್ರವೈದ್ಯನ ಅಭ್ಯಾಸವು ಮಾರ್ಗದ ಹೆಸರಿಗಿಂತ ಮುಖ್ಯವಾಗುತ್ತದೆ. ವರ್ಷಕ್ಕೆ ಕನಿಷ್ಠ ಪಕ್ಷ ಆರು ಅಡ್ರಿನಲ್ ಶಸ್ತ್ರಕ್ರಿಯೆಗಳನ್ನಾದರೂ ಮಾಡುವವರ ಕೈಯಲ್ಲಿ ತೊಡಕುಗಳು ಕಡಿಮೆಯೆಂದು ಅಮೆರಿಕದ ಲೆಕ್ಕಗಳು ತೋರಿಸಿವೆ.

ಗೆಡ್ಡೆಯ ಸ್ವಭಾವಕ್ಕೆ ತಕ್ಕ ಫಲ

ಇನ್ನು ಬಾಳಿನ ಮಾತಿಗೆ ಬರೋಣ. ಈ ಗೆಡ್ಡೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳನ್ನು ತಿಳಿದಿದ್ದರೆ ಸಾಕು.

ಮೊದಲನೆಯದು ಆಲ್ಡೊಸ್ಟಿರೋನನ್ನು ಸುರಿಸುವ ಗೆಡ್ಡೆ. ೧೯೫೪ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಜೆರೋಮ್ ಕಾನ್ ಅವರ ಬಳಿಗೆ ೩೪ ವರ್ಷದ ಸ್ತ್ರೀಯೊಬ್ಬಳು ಬಂದಳು. ರಕ್ತದ ಒತ್ತಡ, ಸ್ನಾಯುಗಳ ಸೆಳೆತ, ಕೈಕಾಲುಗಳ ನಿಶ್ಶಕ್ತಿ ಇವು ಆಕೆಯನ್ನು ವರ್ಷಗಟ್ಟಲೆ ಕಾಡಿದ್ದವು. ಗೆಡ್ಡೆಯನ್ನು ತೆಗೆದ ಮೇಲೆ ಆಕೆ ಗುಣಮುಖಳಾದಳು. ಈ ರೋಗಕ್ಕೆ ಕಾನ್ ಅವರ ಹೆಸರೇ ನಿಂತಿತು. ಇಂಥವರಲ್ಲಿ ಶಸ್ತ್ರಕ್ರಿಯೆಯ ದೂರದ ಫಲವೇನೆಂಬುದನ್ನು ಅನೇಕ ದೇಶಗಳ ವೈದ್ಯರು ಕೂಡಿ ೭೦೫ ರೋಗಿಗಳಲ್ಲಿ ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದರು. ನೂರಕ್ಕೆ ೯೪ ಮಂದಿಯಲ್ಲಿ ರಕ್ತದೊಳಗಿನ ರಸದ ಕ್ರಮವು ಪೂರ್ಣವಾಗಿ ಸರಿಹೋಯಿತು. ಆದರೆ ಔಷಧವೇ ಬೇಡವೆಂಬಷ್ಟು ಒತ್ತಡವು ಇಳಿದದ್ದು ನೂರಕ್ಕೆ ೩೭ ಮಂದಿಯಲ್ಲಿ ಮಾತ್ರ. ಇನ್ನು ೪೭ ಮಂದಿಗೆ ಒತ್ತಡವು ತಗ್ಗಿತು ಅಥವಾ ಔಷಧಗಳು ಕಡಿಮೆಯಾದವು. ಗೆಡ್ಡೆಯು ಹೋದರೂ ಒತ್ತಡವು ಪೂರ್ತಿ ಇಳಿಯಲಿಲ್ಲವೇಕೆ? ಬಹುಕಾಲ ಹೆಚ್ಚಿನ ಒತ್ತಡವನ್ನು ತಾಳಿದ ರಕ್ತನಾಳಗಳು ಬಿರುಸಾಗಿಬಿಟ್ಟಿರುತ್ತವೆ. ಪೂರ್ಣ ಗುಣವನ್ನು ಪಡೆದವರಲ್ಲಿ ಕಿರಿಯ ವಯಸ್ಸಿನವರೂ ಸ್ತ್ರೀಯರೂ ಹೆಚ್ಚಾಗಿದ್ದರೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಎಂದರೆ, ತರುಣಿಯ ರಕ್ತದ ಒತ್ತಡವನ್ನು ಅಲಕ್ಷ್ಯಮಾಡಿ ಕಳೆಯುವ ಪ್ರತಿಯೊಂದು ವರ್ಷವೂ ಆಕೆಗೆ ಇರುವ ಉತ್ತಮ ಅವಕಾಶದಿಂದಲೇ ಕಳೆದುಹೋಗುತ್ತದೆ. ಈ ರೋಗದಲ್ಲಿ ಎರಡು ಗ್ರಂಥಿಗಳೂ ಕೂಡಿ ಅತಿಯಾಗಿ ರಸ ಸುರಿಸುವುದೂ ಉಂಟು. ಅಂಥವರಿಗೆ ಔಷಧವೇ ಚಿಕಿತ್ಸೆ. ಆದಕಾರಣ ಶಸ್ತ್ರಕ್ಕೆ ಮುಂಚೆ ಎರಡು ಗ್ರಂಥಿಗಳ ಸಿರೆಗಳಿಂದಲೂ ರಕ್ತವನ್ನು ತೆಗೆದು, ತಪ್ಪು ಯಾವ ಕಡೆಯದೆಂಬುದನ್ನು ನಿಶ್ಚಯಿಸುವ ಪದ್ಧತಿಯಿದೆ.

ಎರಡನೆಯದು ಕಾರ್ಟಿಸಾಲನ್ನು ಸುರಿಸುವ ಗೆಡ್ಡೆ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಮುಖವು ದುಂಡಗಾಗುವುದು, ಹೊಟ್ಟೆಯ ಮೇಲೆ ಕೆನ್ನೀಲಿ ಗೆರೆಗಳು ಮೂಡುವುದು, ಮೂಳೆಗಳು ಟೊಳ್ಳಾಗುವುದು, ಸಕ್ಕರೆಯ ರೋಗ ಬರುವುದು ಇದರ ಗುರುತುಗಳು. ಸೌಮ್ಯವಾದ ಗೆಡ್ಡೆಯನ್ನು ತೆಗೆದರೆ ಅದು ಮರಳಿ ಬರುವುದು ಅತಿ ವಿರಳ. ಆದರೆ ಇಲ್ಲಿ ಒಂದು ಅಪಾಯವು ಕಾದಿದೆ. ಒಂದು ಗ್ರಂಥಿಯು ವರ್ಷಗಟ್ಟಲೆ ಅತಿಯಾಗಿ ದುಡಿದುದರಿಂದ ಇನ್ನೊಂದು ಗ್ರಂಥಿಯು ನಿದ್ದೆ ಹೋಗಿರುತ್ತದೆ. ಗೆಡ್ಡೆಯು ಹೋದ ದಿನವೇ ಅದು ಎಚ್ಚರಗೊಳ್ಳುವುದಿಲ್ಲ. ಎಚ್ಚರಗೊಳ್ಳಲು ಕೆಲವರಿಗೆ ಕೆಲವು ತಿಂಗಳುಗಳೂ, ಇನ್ನು ಕೆಲವರಿಗೆ ಎರಡು ಮೂರು ವರ್ಷಗಳೂ ಬೇಕಾಗುತ್ತವೆ. ಆ ವರೆಗೆ ಹೈಡ್ರೊಕಾರ್ಟಿಸೋನ್ ಮಾತ್ರೆಯೇ ಗ್ರಂಥಿಯ ಸ್ಥಾನದಲ್ಲಿ ನಿಂತು ಪ್ರಾಣವನ್ನು ಕಾಯುತ್ತದೆ. ಈ ತಿಂಗಳುಗಳಲ್ಲಿ ರೋಗಿಗೆ ಮೈಕೈ ನೋವು, ಆಯಾಸ, ಮನಸ್ಸಿನ ಕುಂದು ಇವು ಬರುವುದು ಸಾಮಾನ್ಯ. ಗಾಯವು ಮಾಯ್ದಿರುವುದನ್ನು ನೋಡಿ ಇವಳಿಗೆ ಇನ್ನೇನು ರೋಗವೆಂದು ಮನೆಯವರು ಮೂದಲಿಸಬಾರದು.

ಮೂರನೆಯದು ತಿರುಳಿನಲ್ಲಿ ಏಳುವ ಫಿಯೊಕ್ರೊಮೊಸೈಟೋಮ. ಇದು ಅಡ್ರಿನಲಿನನ್ನೂ ಅದರ ಬಂಧುರಸಗಳನ್ನೂ ಒಮ್ಮೆಲೆ ರಕ್ತಕ್ಕೆ ಸುರಿಸುತ್ತದೆ. ಮುಂಚಿತವಾಗಿ ಸಿದ್ಧತೆಯಿಲ್ಲದೆ ಇದನ್ನು ಮುಟ್ಟಿದರೆ, ರೋಗಿಯು ಮೇಜಿನ ಮೇಲೆಯೇ ಪ್ರಾಣಬಿಡುವ ಭಯವಿದೆ. ಆದುದರಿಂದ ಶಸ್ತ್ರಕ್ಕೆ ಮುಂಚೆ ಒಂದೆರಡು ವಾರಗಳ ಕಾಲ ಆ ರಸದ ಹೊಡೆತವನ್ನು ತಡೆಯುವ ಔಷಧಗಳನ್ನು ಕೊಟ್ಟು, ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಸೇವಿಸಲು ಹೇಳುತ್ತಾರೆ. ಶಸ್ತ್ರಕ್ರಿಯೆಯನ್ನು ಏತಕ್ಕೆ ಮುಂದೂಡುತ್ತಾರೆಂದು ಬಂಧುಗಳು ಬೇಸರಪಡುವುದುಂಟು. ಆ ಎರಡು ವಾರಗಳೇ ರೋಗಿಯ ಜೀವರಕ್ಷೆ. ಗರ್ಭಿಣಿಯರಲ್ಲಿ ಈ ಗೆಡ್ಡೆಯನ್ನು ಗರ್ಭದ ನಂಜೆಂದು ತಪ್ಪಾಗಿ ತಿಳಿಯುವ ಸಂಭವವಿದ್ದು, ಹಾಗೆ ತಿಳಿದರೆ ತಾಯಿಗೂ ಶಿಶುವಿಗೂ ಆಪತ್ತು. ಸಕಾಲದಲ್ಲಿ ಗುರುತಿಸಿದಲ್ಲಿ, ಗರ್ಭದ ನಡುವಣ ತಿಂಗಳುಗಳಲ್ಲಿ ರಂಧ್ರಗಳ ಮಾರ್ಗದಿಂದ ಗೆಡ್ಡೆಯನ್ನು ತೆಗೆಯಬಹುದು. ಗರ್ಭವು ಬಲಿತಿದ್ದರೆ ಔಷಧದಿಂದ ಕಾಯ್ದುಕೊಂಡು, ಹೆರಿಗೆಯ ಸಂಗಡವೋ ಅದರ ತರುವಾಯವೋ ತೆಗೆಯುತ್ತಾರೆ.

ಈ ಗೆಡ್ಡೆಯು ಸುಮಾರು ಮೂರರಲ್ಲಿ ಒಬ್ಬರಿಗೆ ವಂಶಪಾರಂಪರ್ಯವಾಗಿ ಬಂದಿರುತ್ತದೆ. ಆದಕಾರಣ ಒಬ್ಬಳಲ್ಲಿ ಇದು ಕಂಡಾಗ ಅವಳ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಮಕ್ಕಳೂ ಪರೀಕ್ಷೆಗೆ ಒಳಗಾಗಬೇಕಾಗಬಹುದು. ಇದನ್ನು ಮನೆತನಕ್ಕೆ ಕಳಂಕವೆಂದು ಬಚ್ಚಿಡುವುದು ಬಂಧುಗಳ ಪ್ರಾಣವನ್ನು ಅಪಾಯಕ್ಕೆ ಒಡ್ಡಿದಂತೆಯೇ ಸರಿ. ಇಂಥ ಕುಟುಂಬಗಳಲ್ಲಿ ಎರಡು ಕಡೆಗಳಲ್ಲಿಯೂ ಗೆಡ್ಡೆ ಏಳುವುದುಂಟು. ಆಗ ಶಸ್ತ್ರವೈದ್ಯರು ತೊಗಟೆಯ ಒಂದು ತುಣುಕನ್ನು ಉಳಿಸಿ ಮಿಕ್ಕುದನ್ನು ತೆಗೆಯುವ ಕ್ರಮವನ್ನು ಅನುಸರಿಸುತ್ತಾರೆ. ಇಂಥ ಒಂದು ಬಗೆಯ ವಂಶರೋಗದ ೫೬೩ ರೋಗಿಗಳ ಚರಿತ್ರೆಯನ್ನು ಕೂಡಿಸಿ ೨೦೧೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಕಡೆಯ ಗೆಡ್ಡೆಗೆ ಹೀಗೆ ತುಣುಕನ್ನು ಉಳಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿತ್ಯದ ಮಾತ್ರೆಯ ಅವಶ್ಯಕತೆ ಬೀಳಲಿಲ್ಲ. ಉಳಿಸಿದ ಗ್ರಂಥಿಯಲ್ಲಿ ಗೆಡ್ಡೆಯು ಮರಳಿ ಬಂದದ್ದು ನೂರಕ್ಕೆ ಮೂರರಲ್ಲಿ ಮಾತ್ರ. ಒಂದು ಕಡೆಯ ಗೆಡ್ಡೆಯನ್ನು ತೆಗೆಯಿಸಿಕೊಂಡು ನಿಶ್ಚಿಂತರಾದವರೂ ಕನಿಷ್ಠ ಹತ್ತು ವರ್ಷಗಳ ಕಾಲ ಪ್ರತಿವರ್ಷ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ, ಚಿಕ್ಕ ವಯಸ್ಸಿನವರೂ ವಂಶದ ದೋಷವುಳ್ಳವರೂ ದೊಡ್ಡ ಗೆಡ್ಡೆಯಿದ್ದವರೂ ಜೀವಮಾನವಿಡೀ ಮಾಡಿಸಿಕೊಳ್ಳಬೇಕೆಂದೂ ಯೂರೋಪಿನ ತಜ್ಞರು ೨೦೧೬ರಲ್ಲಿ ವಿಧಿಸಿದ್ದಾರೆ.

ನಾಲ್ಕನೆಯದು ತೊಗಟೆಯ ಕ್ಯಾನ್ಸರು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ಬರುವ ಈ ರೋಗದಲ್ಲಿ, ಮಾರ್ಗದ ಆಯ್ಕೆಯು ಸೌಕರ್ಯದ ಮಾತಾಗಿರದೆ ಪ್ರಾಣದ ಮಾತಾಗುತ್ತದೆ. ಈ ಗೆಡ್ಡೆಯು ಮೃದುವಾದುದು. ತೆಗೆಯುವಾಗ ಅದರ ಕವಚವು ಹರಿದರೆ ಅದರ ಕಣಗಳು ಬಿತ್ತಿದ ಬೀಜದಂತೆ ಉದರದಲ್ಲೆಲ್ಲ ಚೆಲ್ಲಿ ಮತ್ತೆ ಬೆಳೆಯುತ್ತವೆ. ಆದುದರಿಂದ ನೆರೆಯ ಅಂಗಗಳಿಗೆ ಹಬ್ಬಿದ ಗುರುತಿರುವ ಗೆಡ್ಡೆಗಳನ್ನು ತೆರೆದ ಶಸ್ತ್ರಕ್ರಿಯೆಯಿಂದಲೇ, ಸುತ್ತಲಿನ ಕೊಬ್ಬಿನ ಸಹಿತ, ಒಡೆಯದಂತೆ ತೆಗೆಯಬೇಕೆಂದೂ, ಆರು ಸೆಂಟಿಮೀಟರಿಗಿಂತ ಕಡಿಮೆ ಗಾತ್ರದ, ಹಬ್ಬದಿರುವ ಗೆಡ್ಡೆಗಳಲ್ಲಿ ಮಾತ್ರ ನುರಿತವರು ರಂಧ್ರಗಳ ಮಾರ್ಗವನ್ನು ಯೋಚಿಸಬಹುದೆಂದೂ ೨೦೧೮ರ ಯೂರೋಪಿನ ನಿಯಮಗಳು ಹೇಳುತ್ತವೆ. ರೋಗವು ಗ್ರಂಥಿಯ ಎಲ್ಲೆಯೊಳಗೇ ಇರುವಾಗ ಪೂರ್ಣವಾಗಿ ತೆಗೆದರೆ ನೂರಕ್ಕೆ ೬೦ರಿಂದ ೮೦ ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ದಾಟುವವರು ಬಹು ಸ್ವಲ್ಪ ಮಂದಿ. ಇಲ್ಲಿ ಮೊದಲನೆಯ ಶಸ್ತ್ರಕ್ರಿಯೆಯೇ ಅತ್ಯುತ್ತಮ ಅವಕಾಶ. ಅದು ಕೆಟ್ಟರೆ ಎರಡನೆಯದರಿಂದ ಅದನ್ನು ತಿದ್ದುವುದು ಕಷ್ಟ. ಮಗಳ ಮೈಮೇಲೆ ಉದ್ದನೆಯ ಕಲೆ ಉಳಿಯುವುದೆಂದು, ಅವಳ ಮದುವೆಯ ಯೋಚನೆಯಿಂದ, ತಾಯಿತಂದೆಗಳು ಚಿಕ್ಕ ಗಾಯಕ್ಕಾಗಿ ಹಟಹಿಡಿಯುವುದು ಅಸಂಭವವಲ್ಲ. ಆ ಸಂಕಟವು ಅರ್ಥವಾಗುವಂಥದೇ. ಆದರೆ ಕಲೆಯು ಸೀರೆಯ ಮರೆಯಲ್ಲಿ ಅಡಗುತ್ತದೆ. ಚೆಲ್ಲಿದ ರೋಗವು ಎಲ್ಲಿಯೂ ಅಡಗುವುದಿಲ್ಲ. ಅದೇ ರೀತಿಯಲ್ಲಿ, ರಂಧ್ರಗಳಿಂದ ಪ್ರಾರಂಭಿಸಿದ ಶಸ್ತ್ರಕ್ರಿಯೆಯನ್ನು ನಡುವೆ ತೆರೆದ ಶಸ್ತ್ರಕ್ರಿಯೆಯನ್ನಾಗಿ ಬದಲಿಸಿದ ವೈದ್ಯನನ್ನು ಸೋತವನೆಂದು ಎಣಿಸಬಾರದು, ಅವನು ವಿವೇಕಿ.

ಇವುಗಳ ಹೊರತಾಗಿ, ಬೇರೆ ಯಾವುದೋ ಕಾರಣಕ್ಕೆ ಸಿ.ಟಿ. ಚಿತ್ರ ತೆಗೆಸಿದಾಗ ಅಕಸ್ಮಾತ್ತಾಗಿ ಕಂಡುಬರುವ ಗೆಡ್ಡೆಗಳುಂಟು. ಪ್ರಾಯಸ್ಥರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಯಲ್ಲಿ ಇವು ಕಾಣುತ್ತವೆ. ಇವುಗಳಲ್ಲಿ ಬಹುಭಾಗವು ರಸವನ್ನೂ ಸುರಿಸದ, ಕೇಡನ್ನೂ ಮಾಡದ ನಿರುಪದ್ರವಿಗಳು. ರಸಪರೀಕ್ಷೆಯೂ ಚಿತ್ರವೂ ಅವು ಸೌಮ್ಯವೆಂದು ಸ್ಪಷ್ಟವಾಗಿ ತೋರಿಸಿದಲ್ಲಿ ಅವಕ್ಕೆ ಶಸ್ತ್ರವೇ ಬೇಡ. ಗೆಡ್ಡೆಯೆಂಬ ಮಾತನ್ನು ಕೇಳಿದೊಡನೆಯೇ ಹೆದರಿ ಶಸ್ತ್ರಕ್ಕೆ ಅವಸರಪಡುವುದೂ ತಪ್ಪೇ.

ಮನೆಯವರು ತಿಳಿದಿರತಕ್ಕ ಸಂಗತಿಗಳು

ಮೇಲಿನ ವಿವರಗಳಿಂದ ಮೂರು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಗೆಡ್ಡೆಯು ಯಾವ ರಸವನ್ನು ಸುರಿಸುತ್ತದೆ, ಅದು ಸೌಮ್ಯವೋ ಕ್ರೂರವೋ, ದೋಷವು ಒಂದು ಕಡೆಯದೋ ಎರಡು ಕಡೆಯದೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವು ದೊರೆಯುವ ವರೆಗೆ ಮಾರ್ಗದ ಮಾತನ್ನು ಎತ್ತಬಾರದು. ಎರಡನೆಯದಾಗಿ, ಇದರಲ್ಲಿ ನುರಿತವರನ್ನು ಹುಡುಕಿಕೊಂಡು ಸ್ವಲ್ಪ ದೂರವಾದರೂ ಹೋಗಬೇಕು. ಮಿಷನರಿ ವೈದ್ಯೆ ಐಡಾ ಸ್ಕಡರ್ ಅವರು ೧೯೧೮ರಲ್ಲಿ ಸ್ತ್ರೀಯರಿಗಾಗಿ ವೈದ್ಯವಿದ್ಯಾಶಾಲೆಯನ್ನು ತೆರೆದ ವೆಲ್ಲೂರಿನಲ್ಲಿ ಇಂದು ನಿರ್ನಾಳ ಗ್ರಂಥಿಗಳ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯ. ಎರಡು ಗ್ರಂಥಿಗಳನ್ನೂ ಕಳೆದುಕೊಂಡವರು ಜೀವಮಾನವಿಡೀ, ಉಳಿದ ಗ್ರಂಥಿಯು ನಿದ್ದೆಯಲ್ಲಿರುವವರು ಅದು ಏಳುವ ವರೆಗೂ, ಮಾತ್ರೆಯನ್ನು ಒಂದು ದಿನವೂ ಬಿಡಬಾರದು. ಉಪವಾಸದ ದಿನವೂ ಮದುವೆಯ ಮನೆಯ ಗದ್ದಲವೂ ಇದಕ್ಕೆ ನೆವವಾಗಬಾರದು. ಜ್ವರ ಬಂದಾಗ ವೈದ್ಯರು ಹೇಳಿಕೊಟ್ಟಂತೆ ಪ್ರಮಾಣವನ್ನು ಇಮ್ಮಡಿಗೊಳಿಸಬೇಕು. ವಾಂತಿಯಾಗಿ ಮಾತ್ರೆಯು ಒಳಗೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದನ್ನು ಪಡೆಯಬೇಕು. ಹಲ್ಲು ಕೀಳಿಸುವುದಾಗಲಿ, ಹೆರಿಗೆಯಾಗಲಿ, ಬೇರೆ ಶಸ್ತ್ರಕ್ರಿಯೆಯಾಗಲಿ ಇದ್ದರೆ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಬರೆದ ಚೀಟಿಯು ಸದಾ ಕೈಚೀಲದಲ್ಲಿರಬೇಕು. ಶಸ್ತ್ರವೈದ್ಯನ ಕೈಯಲ್ಲಿ ಉಳಿದ ಪ್ರಾಣವು, ತರುವಾಯ ಒಂದು ಮಾತ್ರೆಯನ್ನು ಮರೆತುದರಿಂದ ಹೋಗುವುದು ಎಷ್ಟು ಶೋಚನೀಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗೆಯೇ ಪರೀಕ್ಷೆಗೆ ಹಿಂದಿರುಗಿ ಹೋಗುವುದು. ಆಲ್ಡೊಸ್ಟಿರೋನಿನ ಗೆಡ್ಡೆಯನ್ನು ತೆಗೆಯಿಸಿಕೊಂಡವರು ರಕ್ತದ ಒತ್ತಡವನ್ನೂ ಪೊಟ್ಯಾಸಿಯಮನ್ನೂ ಮೂತ್ರಪಿಂಡದ ಕಾರ್ಯವನ್ನೂ ನೋಡಿಸಿಕೊಳ್ಳಬೇಕು. ಕಾರ್ಟಿಸಾಲಿನವರು ಮೂಳೆಗಳ ಬಲವನ್ನೂ ಸಕ್ಕರೆಯನ್ನೂ. ಫಿಯೊಕ್ರೊಮೊಸೈಟೋಮದವರು ವರ್ಷಕ್ಕೊಮ್ಮೆ ರಸದ ಪರೀಕ್ಷೆಯನ್ನು. ಕ್ಯಾನ್ಸರಿನವರು ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಮುಂದಿನ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಚಿತ್ರಗಳನ್ನು ತೆಗೆಸಿಕೊಳ್ಳಬೇಕು. ಮೈಯಲ್ಲಿ ಏನೂ ನೋವಿಲ್ಲದಿರುವಾಗ ಹಣವನ್ನೂ ಹೊತ್ತನ್ನೂ ವ್ಯಯಮಾಡಿ ಆಸ್ಪತ್ರೆಗೆ ಹೋಗಲು ಯಾರಿಗೂ ಮನಸ್ಸು ಬಾರದು. ಅದರಲ್ಲಿಯೂ ಗೃಹಿಣಿಯು ಎಲ್ಲರ ಔಷಧವನ್ನು ನೋಡಿಕೊಂಡು ತನ್ನ ಪರೀಕ್ಷೆಯನ್ನು ಮುಂದಿನ ತಿಂಗಳಿಗೆ, ಆ ಮುಂದಿನ ತಿಂಗಳಿಗೆ ತಳ್ಳುತ್ತಾಳೆ. ಹಾಗೆ ತಳ್ಳಗೊಡದೆ ಕರೆದುಕೊಂಡು ಹೋಗುವುದು ಗಂಡನ, ಮಕ್ಕಳ, ತಾಯಿತಂದೆಗಳ ಕರ್ತವ್ಯ.

ಸುವಾರ್ತೆಯಲ್ಲಿ ಕುಷ್ಠದಿಂದ ಗುಣಹೊಂದಿದ ಹತ್ತು ಮಂದಿಯ ಕಥೆಯನ್ನು ನಾವೆಲ್ಲರೂ ಈ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದವರೇ. ಹತ್ತು ಮಂದಿಯಲ್ಲಿ ಹಿಂದಿರುಗಿ ಬಂದವನು ಒಬ್ಬನೇ. ಅವನು ಬಂದದ್ದು ಕೃತಜ್ಞತೆಯಿಂದ; ನಮ್ಮ ರೋಗಿಯು ಹಿಂದಿರುಗಬೇಕಾದದ್ದು ತನ್ನ ಪ್ರಾಣಕ್ಕಾಗಿ, ತನ್ನನ್ನು ನಂಬಿದ ಮನೆಗಾಗಿ. ಚಿಕ್ಕ ಗಾಯವಾಗಲಿ ದೊಡ್ಡ ಗಾಯವಾಗಲಿ, ಮಾಯ್ದ ಮೇಲೆಯೂ ಹಿಂದಿರುಗಿ ಹೋಗುವ ಆ ಒಬ್ಬಳ ಗುಂಪಿಗೆ ನಮ್ಮ ಸೋದರಿಯರೆಲ್ಲರೂ ಸೇರಲೆಂಬುದೇ ಈ ಲೇಖನದ ಹಾರೈಕೆ.